ಮುತ್ಯಾನ ತೊಟ್ಟಿ

ಒಂದೇ ಬೆಳಿಗ್ಗೆ, ಬೇವಿನ ಕಡ್ಡಿಯಿಂದ ಹಲ್ಲುಜ್ಜಿ ಬಾಯಿ ಮುಕ್ಕಳಿಸುವುದರೊಳಗೆ, ನಾಲ್ಕು ಕೋಟಿ ಹನ್ನೆರಡು ಲಕ್ಷ ಹುಳಗಳನ್ನು ಕೊಂದವನು ಇಡೀ ಮುಂಬಯಿ ರಾಜ್ಯದಲ್ಲಿ ನಾನೊಬ್ಬನೇ. ಎಣಿಸಿದವರು ಯಾರೆಂದು ಕೇಳಬೇಡಿ; ನಾನೇ ಎಣಿಸಿದೆ, ಎರಡು ಸಲ ಎಣಿಸಿದೆ, ಎರಡನೆಯ ಸಲ ಏಳು ಹೆಚ್ಚಾದವು. ಬಂದೂಕಿಲ್ಲ, ಬೆಂಕಿಯಿಲ್ಲ, ಫಿನೈಲಿನ ಒಂದು ಹನಿಯೂ ಇಲ್ಲ. ಅವುಗಳಲ್ಲಿ ಹಿರಿಯನಂತಿದ್ದ ಒಂದು ಸಾಯುವ ಮುಂಚೆ ನನಗೆ ಕೈ ಮುಗಿಯಿತು. ನಗಬೇಡಿ, ಅವಕ್ಕೆ ಕೈಗಳಿದ್ದವು, ಒಂದೊಂದಕ್ಕೆ ಆರಾರು, ಕೂದಲೆಳೆಗಿಂತ ಸಣ್ಣವು. ಇಂಥ ಪರಾಕ್ರಮ ಮಾಡಿದವನನ್ನು ಜನ ಆನೆಯ ಮೇಲೆ ಕೂರಿಸಿ ಮೆರೆಸಬೇಕಿತ್ತು. ನನಗೆ ಸಿಕ್ಕಿದ್ದು ಅಕ್ಕಲಕೋಟದ ಬಸ್ಸಿನ ಹಿಂದಿನ ಸೀಟು, ತೊಡೆಯ ಮೇಲೊಂದು ಮಣ್ಣಿನ ಗಡಿಗೆ, ಪಕ್ಕದಲ್ಲಿ ನನ್ನ ಕಡೆ ನೋಡದೆ ಕೂತ ಅಕ್ಕ.

ಗಡಿಗೆಯ ಬಾಯಿಗೆ ಒದ್ದೆ ಅರಿವೆ ಕಟ್ಟಿತ್ತು. ಬಸ್ಸು ಕುಲುಕಿದಾಗಲೆಲ್ಲ ನೀರು ನನ್ನ ಧೋತರದ ಮೇಲೆ ತುಳುಕಿ, ಇಷ್ಟು ವಯಸ್ಸಿನ ಗಂಡಸು ಬಸ್ಸಿನಲ್ಲಿ ಮಾಡಬಾರದ್ದನ್ನು ಮಾಡಿಕೊಂಡವನಂತೆ ಕಾಣುತ್ತಿದ್ದೆ. ಮುಂದಿನ ಸೀಟಿನ ಮುದುಕಿ ಎರಡು ಸಲ ಹಿಂದಿರುಗಿ ಅಲ್ಲಿಗೇ ನೋಡಿ ಮುಖ ತಿರುಗಿಸಿದಳು. ಗಡಿಗೆಯೊಳಗೆ ಮುತ್ಯಾ ಇದ್ದ. ಮುತ್ಯಾ ಅಂದರೆ ನಮ್ಮ ಅಜ್ಜನಲ್ಲ. ಮೀನಿನ ಬಾಲ, ಕೂಸಿನಂಥ ಬೆರಳುಗಳಿರುವ ನಾಲ್ಕು ಕಾಲು, ಹಾಲಿನ ಕೆನೆಯ ಮೈಬಣ್ಣ, ಯಾವಾಗಲೂ ಏನನ್ನೋ ನೆನೆದು ನಗುವಂಥ ಅಗಲ ಬಾಯಿ. ಮೆಕ್ಸಿಕೋ ಎಂಬ ದೇಶದ ಕೆರೆಯ ಜೀವ. ಉದ್ದ ಗೇಣಿನ ಮೇಲೆ ಎರಡು ಬೆರಳು. ಚಾಳಿನಲ್ಲಿ ನಾನು ಮೂರು ಮೊಳ ಎಂದು ಹೇಳಿದ್ದೆ, ನೋಡಲು ಬಂದವರಿಗೆ ಅವನು ಹಗಲಲ್ಲಿ ಕುಗ್ಗುತ್ತಾನೆ ಎಂದು ಸಮಾಧಾನ ಹೇಳಿದ್ದೆ. ಕತ್ತಿನ ಎರಡೂ ಬದಿಗೆ ಮೂರು ಮೂರು ಕೆಂಪು ಗರಿ ಅವನಿಗೆ, ಗಡ್ಡದಂತೆ. ಅವನು ಉಸಿರಾಡುವುದು ಅವುಗಳಿಂದಲೇ, ಅಕ್ಕ ಅವನಿಗೆ ಮುತ್ಯಾ ಎಂದು ಹೆಸರಿಟ್ಟದ್ದೂ ಅವುಗಳಿಂದಲೇ. ಈಗ ಆ ಗರಿಗಳು ಸುಟ್ಟ ನೂಲಿನಂತೆ ಮುದುಡಿ ಕತ್ತಿಗೆ ಅಂಟಿಕೊಂಡಿದ್ದವು. ಐದು ದಿನದಿಂದ ಅವನು ತುತ್ತು ಮುಟ್ಟಿರಲಿಲ್ಲ. ಅವನು ಬದುಕುತ್ತಾನೋ ಇಲ್ಲವೋ ಅಕ್ಕ ಹೇಳಿರಲಿಲ್ಲ. ಅಕ್ಕಲಕೋಟದ ಮನೆಯ ಬಾವಿಯ ನೀರು ತಣ್ಣಗಿದೆ, ಅಲ್ಲಿಗೆ ಮುಟ್ಟಿಸಿ ನೋಡಬೇಕು ಎಂದಷ್ಟೇ ಹೇಳಿದ್ದಳು. ಹೇಳಿದ್ದು ನನಗೂ ಅಲ್ಲ, ನನ್ನ ಹೆಂಡತಿಗೆ.

ಅದೇ ನನ್ನನ್ನು ಸುಡುತ್ತಿದ್ದದ್ದು. ಮೋಸ ಹೋದವನು ನಾನು. ಒಬ್ಬರಿಂದಲ್ಲ, ಮೂವರಿಂದ, ಅದೂ ಒಟ್ಟಿಗೆ. ನನ್ನ ಹೆಂಡತಿ ಸುಗಲಾಬಾಯಿ, ಪಕ್ಕದ ಖೋಲಿಯ ಶಿವಶರಣಪ್ಪ, ಕೊನೆಗೆ ಈ ಅಕ್ಕ, ಗುರುಲಿಂಗಮ್ಮ, ಎದೆಹಾಲೊಂದು ಬಿಟ್ಟು ಉಳಿದೆಲ್ಲ ಕೊಟ್ಟು ನನ್ನನ್ನು ಬೆಳೆಸಿದವಳು. ಅವಳಿಗಾಗಿ ನಾನು ನಲವತ್ತು ದಿನ ಹುಳಗಳ ಜೊತೆ ಯುದ್ಧ ಮಾಡಿದ್ದೆ. ಅವಳೋ ಕಿಟಕಿಯ ಹೊರಗೆ ಜೋಳದ ಹೊಲಗಳನ್ನು ನೋಡುತ್ತ, ಆಪರೇಶನ್ನಿನ ಹೊಲಿಗೆಯ ಮೇಲೆ ಅಂಗೈ ಒತ್ತಿ ಹಿಡಿದು, ಬಸ್ಸಿನಲ್ಲಿ ನಾನಿಲ್ಲವೇ ಇಲ್ಲ ಎಂಬಂತೆ ಕೂತಿದ್ದಳು.

ಅಕ್ಕ ಅಕ್ಕಲಕೋಟದ ದವಾಖಾನೆಯೊಂದರಲ್ಲಿ ನರ್ಸು. ಅಲ್ಲಿದ್ದ ವಿಲಾಯಿತಿ ಡಾಕ್ಟರಮ್ಮ ತನ್ನ ದೇಶಕ್ಕೆ ಹೊರಟಾಗ ತಾನು ಸಾಕಿದ ಈ ಜೀವವನ್ನೂ ಅದರ ಗಾಜಿನ ತೊಟ್ಟಿಯನ್ನೂ ಅಕ್ಕನ ಕೈಗೆ ಕೊಟ್ಟು ಅತ್ತಳಂತೆ. ಗಂಡ ಸತ್ತು, ಮಕ್ಕಳಿಲ್ಲದೆ, ಒಂದೇ ಕೋಣೆಯಲ್ಲಿ ಇರುವ ಅಕ್ಕ ಎರಡು ವರ್ಷ ಅವನನ್ನು ಕೂಸಿನ ಹಾಗೆ ನೋಡಿಕೊಂಡಳು. ಈ ಸಂಕ್ರಮಣ ಮುಗಿದ ಮೇಲೆ ಹೊಟ್ಟೆಯ ಆಪರೇಶನ್ನಿಗೆಂದು ಮಿರಜಿಗೆ ಹೋಗಬೇಕಾಗಿ ಬಂದಾಗ ಅವನನ್ನು ಯಾರಲ್ಲಿ ಬಿಡುವುದು? ಬಂಧುಗಳಲ್ಲಿ ಯಾರೂ ನನಗೆ ಒಂದು ಕೊಡೆಯನ್ನೂ ನಂಬಿ ಕೊಡುವುದಿಲ್ಲ. ಅಕ್ಕ ಕೊಟ್ಟಳು. ಸೊಲ್ಲಾಪುರಕ್ಕೆ ಬಂದು, ನಮ್ಮ ಖೋಲಿಯ ಕತ್ತಲ ಮೂಲೆಯಲ್ಲಿ ತೊಟ್ಟಿ ಇಡಿಸಿ, ಸುತ್ತ ಒದ್ದೆ ಟಾವೆಲ್ಲು ಸುತ್ತಿ, ನನ್ನನ್ನು ಎದುರಿಗೆ ಕೂರಿಸಿಕೊಂಡು ಹೇಳಿದಳು. ಕಾಜಿನ ಮೇಲೆ ಆಗಲೇ ಅಲ್ಲೊಂದು ಇಲ್ಲೊಂದು ಬೂದಿ ಬಣ್ಣದ ಎಳೆಗಳು ಅಂಟಿಕೊಂಡಿದ್ದವು, ತಳದ ಮರಳಿನಲ್ಲಿ ಅಕ್ಕಿನುಚ್ಚಿನಷ್ಟು ಬಿಳಿಯ ಚಪ್ಪಟೆ ಹುಳಗಳು ಹರಿಯುತ್ತಿದ್ದವು. “ಇವು ಅವನ ಗರಿಗಿ ಚುಚ್ಚತಾವ, ತಮ್ಮಾ. ಆದ್ರ ಅವನನ್ನ ಕೊಲ್ಲಂಗಿಲ್ಲ. ಇವು ಇದ್ರೂ ಮುತ್ಯಾ ಇರತಾನ. ಅವಸರ ಮಾಡಬ್ಯಾಡ. ಅವನು ತಿಂದು ಬಿಟ್ಟಿದ್ದು ನೀರಾಗ ಉಳೀಬಾರದು, ಉಳದ್ರ ಇವು ಹೆಚ್ಚತಾವ, ಅಷ್ಟ ಇವುಗಳ ಗುಟ್ಟು. ಅವನನ್ನ ಬೋಗುಣಿಗಿ ತಗದು, ಕಾಜು ಬ್ಲೇಡಿಲೆ ಕೆರದು, ರಬ್ಬರ ನಳಿಗಿಯಿಂದ ತಳದ ಹೊಲಸು ಜಗ್ಗು. ರಾತ್ರಿ ಮಣ್ಣಿನ ಗಡಗ್ಯಾಗ ಇಟ್ಟ ನೀರು ಕಾಲಭಾಗ ಹಾಕು. ಬಿಳಿ ಹುಳಕ್ಕ ಶಾಯಿ ಬಾಟ್ಲ್ಯಾಗ ಕಾಳಜದ ಚೂರು ಇಟ್ಟು ಮುಳಗಸು. ಅವು ವಾಸನಿಗಿ ಒಳಗ ಸೇರತಾವ, ಎರಡು ತಾಸಿಗಿ ಎತ್ತಿ ಬಿಸಿನೀರಿಗಿ ಚೆಲ್ಲು. ಉಪ್ಪು ಬ್ಯಾಡ, ಸುಣ್ಣ ಬ್ಯಾಡ, ಫಿನೈಲ ಅಂತೂ ಬ್ಯಾಡಽ ಬ್ಯಾಡ.” ಇನ್ನೂ ಏನೇನೋ ಹೇಳಿದಳು. ನಾನು ಅಷ್ಟೂ ಹೊತ್ತು ತಲೆಯಾಡಿಸುತ್ತ, ಇಂಥ ಹತ್ತು ಪ್ರಾಣಿಗಳನ್ನು ಒಂದೇ ಕೈಯಲ್ಲಿ ಸಾಕಬಲ್ಲೆ, ಮಿಲ್ಲಿನಲ್ಲಿ ನೂರಾ ಎಂಟು ಮಗ್ಗ ಸಾಕುವವನಿಗೆ ಇದೇನು ದೊಡ್ಡದು ಎಂದೆ. ಅಕ್ಕ ನನ್ನ ತಲೆ ಸವರಿದಳು. ಮೂವತ್ತೆಂಟು ವರ್ಷದ ನನ್ನ ತಲೆಯನ್ನು ಬೇರೆ ಯಾರೂ ಸವರುವುದಿಲ್ಲ.

ನೂರಾ ಎಂಟು ಮಗ್ಗ. ನಾನು ಮಿಲ್ಲಿನಲ್ಲಿ ಬದಲಿ. ಬದಲಿ ಅಂದರೆ ಬೆಳಿಗ್ಗೆ ಮಿಲ್ಲಿನ ಸೈರನ್ನು, ನಮ್ಮ ಬಾಯಲ್ಲಿ ಭೋಂಗಾ, ಕೂಗುವ ಮುಂಚೆ ಗೇಟಿನ ಹೊರಗೆ ಚೀಟಿ ಹಿಡಿದು ನಿಲ್ಲುವವನು. ಒಳಗಿನವನೊಬ್ಬ ಜ್ವರ ಬಂದು ಮಲಗಿದರೆ ಅವತ್ತಿನ ಮಟ್ಟಿಗೆ ಅವನ ಜಾಗಕ್ಕೆ ಹೋಗುವವನು. ಆ ಚಳಿಗಾಲದಲ್ಲಿ ಊರಿನಲ್ಲಿ ಯಾರಿಗೂ ಜ್ವರ ಬರಲಿಲ್ಲ. ಯಾರನ್ನು ಒಳಗೆ ಬಿಡಬೇಕೆಂದು ಆರಿಸುವ ಜಾಬರ್ ನಮ್ಮ ಪಕ್ಕದ ಖೋಲಿಯ ಶಿವಶರಣಪ್ಪನೇ. ಅವನು ಗೇಟಿನಲ್ಲಿ ನನ್ನ ಮುಖವನ್ನು ದಾಟಿ ನನ್ನ ಹಿಂದಿನವನನ್ನು ಬೆರಳು ಮಾಡಿ ಕರೆಯುವಾಗ, ಆ ಬೆರಳು ನನ್ನ ಕಿವಿಯ ಪಕ್ಕದಲ್ಲಿ ಹೋಗುತ್ತಿತ್ತು. ಮನೆಗೆ ಬಂದರೆ ಸುಗಲಾ ಬೀಡಿ ಕಟ್ಟಲು ಕಾರಖಾನೆಗೆ ಹೋಗಿರುತ್ತಿದ್ದಳು. ಖೋಲಿಯಲ್ಲಿ ನಾನು, ಮುತ್ಯಾ. ಅವನು ನನ್ನ ನೆರಳು ಕಂಡ ಕೂಡಲೇ ಕಾಜಿನ ಹತ್ತಿರ ಬರುತ್ತಿದ್ದ, ಮುಂಗಾಲೆತ್ತಿ ಕಾಜಿಗೆ ಇಡುತ್ತಿದ್ದ. ಸೊಲ್ಲಾಪುರದಲ್ಲಿ ನನ್ನನ್ನು ಕಂಡು ಹತ್ತಿರ ಬರುವ ಜೀವ ಅದೊಂದೇ. ಅದಕ್ಕೆ ಎರಡು ಎರೆಹುಳ ಹಾಕಬೇಕಾದಲ್ಲಿ ಎಂಟು ಹಾಕುತ್ತಿದ್ದೆ. ಚಾಳಿನವರು ಯಾರಾದರೂ ಬಾಗಿಲಲ್ಲಿ ಇಣುಕಿದರೆ ಅವನು ಗಬಕ್ಕನೆ ನುಂಗುವುದನ್ನು ತೋರಿಸಲು ಇನ್ನೂ ನಾಲ್ಕು. ಅವನಿಗೆ ಸಾಕಾಗಿ ಬಿಟ್ಟ ತುಂಡುಗಳು ಮರಳಿನಲ್ಲಿ ಕೊಳೆತವು. ಹನ್ನೆರಡನೆಯ ದಿನ ಟಾವೆಲ್ಲು ಸರಿಸಿ ನೋಡುತ್ತೇನೆ, ಕಾಜಿನ ಒಳಮೈಗೆ ಬೂದಿ ಕೂದಲು ಹುಟ್ಟಿತ್ತು. ಸಾವಿರ ಕೈಗಳು ಒಟ್ಟಿಗೆ, ನಿಧಾನವಾಗಿ, ನನ್ನನ್ನೇ ಕರೆಯುವಂತೆ ಬೀಸುತ್ತಿದ್ದವು.

ಅಕ್ಕ ಹೇಳಿದಂತೆಯೇ ಮಾಡಿದೆ, ಆರು ದಿನ ಮಾಡಿದೆ. ಮುತ್ಯಾನನ್ನು ಬೋಗುಣಿಗೆ ಎತ್ತಿ, ಬ್ಲೇಡಿನಿಂದ ಕಾಜು ಕೆರೆದು, ರಬ್ಬರ ನಳಿಗೆಯ ತುದಿ ಬಾಯಲ್ಲಿಟ್ಟು ಜಗ್ಗಿ, ಎರಡು ಸಲ ಆ ನೀರು ಕುಡಿದೂಬಿಟ್ಟೆ. ಕೆರೆದಷ್ಟೂ ಮರುದಿನ ಮತ್ತೆ ಇರುತ್ತಿದ್ದವು, ಸ್ವಲ್ಪ ಕಡಿಮೆ. ಸ್ವಲ್ಪ ಕಡಿಮೆ ಎನ್ನುವುದನ್ನು ನನ್ನಂಥವನು ಯಾರ ಮುಂದೆ ಹೇಳಿಕೊಳ್ಳಲಿ? ಚಹಾದ ಅಂಗಡಿಯಲ್ಲಿ ಅಕ್ಕಲಕೋಟ ಯಾವ ರಾಜ್ಯಕ್ಕೆ ಸೇರಬೇಕೆಂದು ಜನ ಬಡಿದಾಡುತ್ತಿದ್ದ ದಿನಗಳು ಅವು; ದಿಲ್ಲಿಯವರು ನನಗೆ ಕಾಗದ ಬರೆದು ಕೇಳಿದ್ದಾರೆ, ವಿಚಾರ ಮಾಡಿ ಹೇಳುತ್ತೇನೆ ಎಂದಿದ್ದೇನೆ ಎಂದು ಅಲ್ಲಿ ಹೇಳಿ ಬಂದವನು ನಾನು. ಇನ್ನು ಬಿಳಿ ಹುಳಗಳಿಗೆ ಕಾಳಜ ಬೇಕು, ಅಂದರೆ ಕುರಿಯ ಯಕೃತ್ತು. ಹಣೆಗೆ ವಿಭೂತಿ ಹಚ್ಚುವ ಮನೆತನ ನಮ್ಮದು, ಕೊರಳಲ್ಲಿ ಲಿಂಗ. ಅಕ್ಕನಿಗೆ ದವಾಖಾನೆಯಲ್ಲಿ ಇದ್ದು ಇದ್ದು ಅಂಥದ್ದೇನೂ ಅಡ್ಡ ಬರುವುದಿಲ್ಲ; ಅವನ ಹೊಟ್ಟೆ ಅವನದು, ನಮ್ಮ ಹೊಟ್ಟೆ ನಮ್ಮದು ಎನ್ನುತ್ತಾಳೆ. ನಾನು ಮಟನ್ ಮಾರ್ಕೆಟ್ಟಿಗೆ ಹೋಗುವಾಗ ವಿಭೂತಿ ಒರೆಸಿಕೊಂಡೆ, ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೆ. ಆದರೂ ಅಂಗಡಿಯವನು ಚಾಕು ಕೆಳಗಿಟ್ಟು ನನ್ನ ಹಣೆ ನೋಡಿದ. ಬೆವರೊರೆಸಲು ಟೋಪಿ ಎತ್ತಿದ್ದೆ, ಬೂದಿ ಪೂರ್ತಿ ಹೋಗಿರಲಿಲ್ಲವೇನೋ.

“ಕ್ಯಾ ಹೋನಾ, ಸ್ವಾಮೀ? ರಸ್ತಾ ಭೂಲಗಯೇ ಕ್ಯಾ?”

“ಒಂದ ತುಣುಕು ಕಾಳಜ. ಇಷ್ಟಽ,” ಎಂದು ಉಗುರು ತೋರಿಸಿದೆ.

ಅವನು ನಕ್ಕ. ಪಕ್ಕದ ಅಂಗಡಿಯವನನ್ನು ಕರೆದು ನನ್ನ ಉಗುರು ತೋರಿಸಿದ. ಅಷ್ಟರಲ್ಲಿ ಬೆನ್ನ ಹಿಂದೆ ಸೈಕಲ್ಲಿನ ಗಂಟೆ.

“ಏ ಭೀಮಶಾ! ನೀ ಏನೋ ಇಲ್ಲಿ?” ಶಿವಶರಣಪ್ಪ. ಒಂದು ಕಾಲು ನೆಲಕ್ಕೆ ಊರಿ ನಿಂತಿದ್ದ, ಕಣ್ಣಿನಲ್ಲಿ ಹಬ್ಬ.

“ಸರ್ಕಸ್ಸಿನ ಹುಲಿ ಒಂದು ನಮ್ಮ ಪರಿಚಯದ್ದು, ಆರಾಮಿಲ್ಲ ಅದಕ್ಕ,” ಎಂದೆ.

“ಹುಲಿಗಿ ಉಗುರಿನಷ್ಟು ಕಾಳಜಾ?”

“ಪಥ್ಯ.”

ಅವನು ನಗಲೂ ಇಲ್ಲ. ಮರುದಿನ ಗೇಟಿನಲ್ಲಿ, ಐವತ್ತು ಜನರ ನಡುವೆ, “ಹುಲಿ ಹ್ಯಾಂಗದನೋ ಭೀಮಶಾ?” ಎಂದು ಕೇಳಿದ. ಅವತ್ತೂ ಬೆರಳು ನನ್ನ ಕಿವಿಯ ಪಕ್ಕದಲ್ಲಿ ಹೋಯಿತು. ಆ ಮೇಲೆ ನಾನು ಮಾರ್ಕೆಟ್ಟಿಗೆ ಹೋಗಲಿಲ್ಲ. ಬ್ಲೇಡನ್ನೂ ಮುಟ್ಟಲಿಲ್ಲ. ತೊಟ್ಟಿಯ ಮೇಲೆ ಟಾವೆಲ್ಲು ಎಳೆದು, ಅಕ್ಕನಿಗೆ ಕಾಗದ ಬರೆದೆ. ನಾನು ಕಲಿತದ್ದು ಮರಾಠಿ ಸಾಲೆಯಲ್ಲಿ. ಕನ್ನಡದ ಅಕ್ಷರಗಳು ನನ್ನ ಕೈಯಲ್ಲಿ ಇನ್ನೂ ಅಂಬೆಗಾಲಿಡುತ್ತವೆ. ಆದರೂ ಅಕ್ಕನಿಗೆ ಕನ್ನಡದಲ್ಲೇ ಬರೆಯಬೇಕು, ಅದು ಅವಳು ಅಡ್ಡಗೋಡೆಯ ಮೇಲೆ ಇದ್ದಿಲಿನಿಂದ ಕಲಿಸಿದ್ದು. “ಹುಳ ಎಲ್ಲಾ ಹೋದವು. ಒಂದೂ ಇಲ್ಲ. ಮುತ್ಯಾ ರಾಜನ ಹಾಂಗ ಇದ್ದಾನ. ಕಾಜು ಎಷ್ಟು ಸ್ವಚ್ಛ ಅಂದ್ರ ಸುಗಲಾ ಅದರಾಗ ಮುಖ ನೋಡಿ ಕುಂಕುಮ ಹಚ್ಚಿಕೋತಾಳ.” ಎಂಟು ದಿನಕ್ಕೆ ಉತ್ತರ ಬಂತು. “ಶಾಬಾಸ್ ತಮ್ಮಾ. ನಿನ್ನ ಕೈ ಗುಣ ದೊಡ್ಡದು. ಏನರ ಅಡಚಣಿ ಆದ್ರ ಬರಿ.” ಆ ಕಾರ್ಡನ್ನು ನಾನು ಅಂಗಿಯ ಕಿಸೆಯಲ್ಲಿಟ್ಟುಕೊಂಡು ತಿರುಗಿದೆ. ಗೇಟಿನಲ್ಲಿ ಬೆರಳು ಪಕ್ಕಕ್ಕೆ ಹೋದಾಗ ಕಿಸೆ ಮುಟ್ಟಿಕೊಳ್ಳುತ್ತಿದ್ದೆ.

ನನಗೆ ಒಂಬತ್ತು ವರ್ಷವಿದ್ದಾಗ ಅಕ್ಕ ನರ್ಸಿನ ಕೆಲಸ ಕಲಿಯಲು ಹೋದಳು. ಬಾವ ಸತ್ತು ವರ್ಷವೂ ಆಗಿರಲಿಲ್ಲ. ಬೆಳಿಗ್ಗೆ ನನ್ನ ತಲೆಗೆ ಎಣ್ಣೆ ಹಚ್ಚಿ, ಸಂಜೆ ಬರುವಾಗ ಬತ್ತಾಸು ತರುತ್ತೇನೆ ಎಂದು ಹೇಳಿ ಹೋದವಳು ಬಂದದ್ದು ಹದಿನಾಲ್ಕು ತಿಂಗಳ ಮೇಲೆ. ಅಷ್ಟು ದಿನ ಓಣಿಯ ಹುಡುಗರಿಗೆ, ಅಕ್ಕ ವೈಸರಾಯನ ಹೆಂಡತಿಗೆ ನಾಡಿ ನೋಡಲು ಹೋಗಿದ್ದಾಳೆ ಎಂದು ಹೇಳಿದೆ. ನನ್ನ ಬಾಯಿಂದ ಬಂದ ಮೊದಲನೆಯ ದೊಡ್ಡ ಮಾತು ಅದು. ಅದನ್ನು ಹೇಳಿದಾಗ ಅಕ್ಕ ಇಲ್ಲವೆಂಬುದು ಒಂದು ಗಳಿಗೆ ಮರೆತುಹೋಯಿತು, ಆ ರುಚಿ ಬಿಡಲಿಲ್ಲ. ಬಂದವಳು ಬತ್ತಾಸು ತಂದಿದ್ದಳು. ಹದಿನಾಲ್ಕು ತಿಂಗಳ ಮೇಲೆ ತಂದ ಬತ್ತಾಸು ಬತ್ತಾಸೇ? ಬಸ್ಸು ಹೊಂಡವೊಂದಕ್ಕೆ ಇಳಿದು ಎದ್ದಿತು; ಅಕ್ಕ ಹೊಲಿಗೆಯ ಮೇಲಿನ ಕೈ ಬಿಗಿ ಹಿಡಿದು ಕಣ್ಣು ಮುಚ್ಚಿದಳು. ನೋವೇ ಎಂದು ಕೇಳಬೇಕೆನಿಸಿತು. ಮೊದಲು ಮೋಸ ಮಾಡಿದವಳು ಇವಳೇ ಅಲ್ಲವೇ ಎಂದುಕೊಂಡು ಗಡಿಗೆಯ ಮೇಲೆ ಬಾಗಿದೆ. ಅರಿವೆಯ ಸಂದಿಯಲ್ಲಿ ನೋಡಿದೆ. ಮುತ್ಯಾ ತಳದಲ್ಲಿ ಇರಲಿಲ್ಲ, ಓರೆಯಾಗಿ ನೀರಿನ ಮಧ್ಯದಲ್ಲಿ ತೂಗುತ್ತಿದ್ದ. ಗರಿಯೊಂದು ಅಲ್ಲಾಡಿತು, ಅಥವಾ ಬಸ್ಸು ಅಲ್ಲಾಡಿತು.

ಅಕ್ಕ ಶುಕ್ರವಾರ ಬರುತ್ತೇನೆ ಎಂದು ಬರೆದಳು. ಕಾಗದ ಬಂದದ್ದು ಸೋಮವಾರ. ಮಂಗಳವಾರದಿಂದ ನಡೆದದ್ದನ್ನು ಕೇಳಿ. ಮುತ್ಯಾ ಭೀಮಾ ನದಿಯಿಂದ ಎದ್ದು ಬಂದ ಶರಣ ಎಂಬ ಸುದ್ದಿ ಊರಿಗೆಲ್ಲ ಹಬ್ಬಿತು. ನಾನು ಹಬ್ಬಿಸಲಿಲ್ಲ, ಬಹುಶಃ ಚಹಾದ ಅಂಗಡಿಯಲ್ಲಿ ಒಮ್ಮೆ ಅಂದಿರಬೇಕು. ಸುಗಲಾ ಕಾರಖಾನೆಗೆ ಹೋದ ಕೂಡಲೇ ಬಾಗಿಲಲ್ಲಿ ಜನ. ಪಾಳಿ ಹಚ್ಚಿ ನಿಂತರು, ಸಾಲು ಸ್ಟೇಶನ್ನಿನವರೆಗೆ ಹೋಗಿ ಎಂಜಿನ್ನಿಗೆ ದಾರಿ ಸಿಗದೆ ಮದ್ರಾಸ್ ಮೇಲ್ ಅರ್ಧ ತಾಸು ನಿಂತಿತು. ಬಂದವರು ಬರಿಗೈಯಲ್ಲಿ ಬರುತ್ತಾರೆಯೇ? ಹೊಳೆ ದಾಟುವಾಗ ನೀರಿಗೆ ದುಡ್ಡು ಎಸೆಯುವ ಜನ ನಾವು. ಎಸೆದರು. ತೂತಿನ ದುಡ್ಡು, ತಾಮ್ರದ್ದು. ನಾನು ಬೇಡವೆಂದೆ, ಕೈ ಹಿಡಿದೆ, ಕಾಲು ಹಿಡಿದೆ. ಭಕ್ತಿಯ ಮುಂದೆ ನನ್ನದೇನು ನಡೆದೀತು? ಬುಧವಾರ ಬೆಳಿಗ್ಗೆ ಟಾವೆಲ್ಲು ಸರಿಸಿದರೆ ಬೂದಿ ಕೈಗಳೆಲ್ಲ ಮುಷ್ಟಿ ಹಿಡಿದು ಗುಂಡಾಗಿ ಉದುರಿದ್ದವು. ಬಿಳಿ ಹುಳಗಳು ಸುರುಳಿ ಸುತ್ತಿ ಕರಗಿದ್ದವು. ಕಾಜು ಕಾಜಾಗಿತ್ತು. ನಾಲ್ಕು ಕೋಟಿ ಹನ್ನೆರಡು ಲಕ್ಷ.

ಶುಕ್ರವಾರ ಟಾಂಗಾದಿಂದ ಇಳಿದ ಅಕ್ಕ ಸೊರಗಿದ್ದಳು, ಅಂಚಿನ ಸೀರೆ ಒಂದು ಸುತ್ತು ಹೆಚ್ಚಾಗಿ ಉಟ್ಟಂತೆ ಕಾಣುತ್ತಿತ್ತು. ಕೈಕಾಲು ತೊಳೆಯದೆ ತೊಟ್ಟಿಯ ಹತ್ತಿರ ಹೋಗಿ ಟಾವೆಲ್ಲು ತೆಗೆದಳು. ನಾನು ಕಾಜು ತೋರಿಸಲು ಬಾಯಿ ತೆರೆದೆ. ಅವಳು ಕಾಜು ನೋಡಲೇ ಇಲ್ಲ. ಮುತ್ಯಾ ನೀರಿನ ಮೇಲ್ಭಾಗದಲ್ಲಿ ಬಾಯಿ ತೆರೆದು ಗಾಳಿ ನುಂಗುತ್ತಿದ್ದ, ಬಾಲದ ತುದಿ ಕೊಕ್ಕೆಯಂತೆ ಬಾಗಿತ್ತು.

“ಸುಗಲಾ, ಬೋಗುಣಿ ಕೊಡು. ಮಣ್ಣಿನ ಗಡಗ್ಯಾಗಿನ ನೀರು ಕೊಡು. ಲಗೂನ.”

ಎರಡೂ ಅಂಗೈಯಲ್ಲಿ ಅವನನ್ನು ಎತ್ತಿ ಬೋಗುಣಿಗೆ ಬಿಟ್ಟಳು. ಆಮೇಲೆ ತೊಟ್ಟಿಗೆ ಕೈ ಹಾಕಿ ದುಡ್ಡುಗಳನ್ನು ಒಂದೊಂದಾಗಿ ತೆಗೆದು ನೆಲದ ಮೇಲೆ ಇಟ್ಟಳು. “ಇವೇನು?”

“ಮಂದಿ ಅಕ್ಕಾ. ದರ್ಶನಕ್ಕ ಬಂದಿದ್ರು. ಎಷ್ಟು ಹೇಳಿದ್ರೂ...”

“ತಾಮ್ರ ನೀರಾಗ ಬೀಳಬಾರದು ಅಂತ ನಿನಗ ಹೇಳಿ ಹೋಗಿದ್ದೆ.”

“ಹೇಳಿದ್ದೇನು? ಆಗ ಭೋಂಗಾ ಕೂಗಿತ್ತಕ್ಕಾ, ನನಗ ಕೇಳಸಲೇ ಇಲ್ಲ. ಕೇಳಿಸಿದ್ರ ಬಾಗಲಾ ಹಾಕ್ತಿದ್ದಿಲ್ಲೇನು?”

“ಹೌದೇನು,” ಎಂದಳು. ಅಷ್ಟೇ. ಆಮೇಲೆ ಸುಗಲಾಳ ಕಡೆ ತಿರುಗಿ, “ನೀ ಬರಿಸಿದ ಕೊನಿ ಕಾರ್ಡಿನ್ಯಾಗ ದುಡ್ಡಿನ ಮಾತು ಇದ್ದಿದ್ದಿಲ್ಲಲ್ಲ?”

ನಾನು ಸುಗಲಾಳನ್ನು ನೋಡಿದೆ. ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು. “ನನಗ ಗೊತ್ತಿಲ್ರಿ ಅಕ್ಕಾರ. ನಾ ಹಗಲಿಗಿ ಮನ್ಯಾಗ ಇರಂಗಿಲ್ಲ. ಹುಳ ಹೆಚ್ಚಾಗ್ಯಾವ, ಇವರು ಅರಿವಿ ಮುಚ್ಚಿ ಇಟ್ಟಾರ, ಅಷ್ಟು ಬರಸೀನಿ. ಶಿವಶರಣಪ್ಪಣ್ಣ ಬರದು ಕೊಟ್ಟಾರ.”

ಆರು ಕಾರ್ಡು. ಪ್ರತಿ ವಾರ ಒಂದು. ನನ್ನ ಹೆಂಡತಿ ಹೇಳಿ, ಗೇಟಿನ ಆ ಬೆರಳೇ ಬರೆದು, ಮಿರಜಿನ ಮಂಚದ ಮೇಲೆ ಮಲಗಿದ ಅಕ್ಕ ಓದಿ. ನನ್ನ ಸುಳ್ಳು ಮುಟ್ಟುವ ಮುಂಚೆಯೇ ನಿಜ ಅಲ್ಲಿಗೆ ಮುಟ್ಟಿತ್ತು. ಗೊತ್ತಿದ್ದೂ ಅವಳು ಶಾಬಾಸ್ ತಮ್ಮಾ ಎಂದು ಬರೆದಿದ್ದಳು. “ಗೊತ್ತಿತ್ತೇನು ನಿನಗ?” ಎಂದು ಕೂಗಿದೆ. “ಗೊತ್ತಿದ್ದೂ ನನ್ನ ನಗಿಗೇಡು ಮಾಡ್ದಿ?” ಅಕ್ಕ ಬೋಗುಣಿಯ ಮೇಲೆ ಬಾಗಿಯೇ ಹೇಳಿದಳು: “ನೀನಽ ಹೇಳತಿ ಅಂತ ದಾರಿ ನೋಡಿದೆ, ಭೀಮ್ಯಾ.” ಮೂರು ದಿನ ಅವಳು ತಾಸಿಗೊಮ್ಮೆ ಬೋಗುಣಿಯ ನೀರು ಬದಲಿಸಿದಳು, ನನ್ನ ಜೊತೆ ಮಾತಾಡಲಿಲ್ಲ. ನಾನೂ ಆಡಲಿಲ್ಲ. ಮೋಸ ಹೋದವನಿಗೂ ಒಂದು ಮರ್ಯಾದೆ ಇರುತ್ತದೆ. ಆದರೆ ಒಂದು ವಿಷಯ ಮಾತ್ರ ಯಾವ ಕಾರ್ಡಿನಲ್ಲೂ ಇರಲಿಲ್ಲ, ಯಾರೂ ನೋಡಿರಲಿಲ್ಲ. ದುಡ್ಡು ಎಸೆದವರು ಮಂದಿ; ಆ ಮಾತಿಗೆ ನಾನು ಗಟ್ಟಿಯಾಗಿ ನಿಂತಿದ್ದೆ.

ವಳಸಂಗದಲ್ಲಿ ಬಸ್ಸು ನಿಂತು ಜನ ತುಂಬಿಕೊಂಡರು. ಕಂಡಕ್ಟರ್ ಟಿಕೀಟು ಹರಿಯುತ್ತ ಹಿಂದಿನವರೆಗೆ ಬಂದು ಪೆನ್ಸಿಲ್ಲಿನಿಂದ ಗಡಿಗೆಯನ್ನು ತಟ್ಟಿದ. “ಕಾಯ್ ಆಹೇ ಹೋ ಯಾತ? ಏನದ ಇದರಾಗ? ತುಪ್ಪ ಇದ್ರ ಲಗೇಜ ಆಗ್ತದ ನೋಡ್ರಿ.”

ತುಪ್ಪವಲ್ಲ, ಒಂದು ನೀರಿನ ಪ್ರಾಣಿ, ಎಂದರೆ ಮುಗಿಯುತ್ತಿತ್ತು. ಆದರೆ ಒದ್ದೆ ಧೋತರದಲ್ಲಿ ಕೂತವನ ಮೇಲೆ ಇಪ್ಪತ್ತು ಕಣ್ಣು ಬಿದ್ದಾಗ ನನ್ನ ನಾಲಿಗೆ ನನ್ನ ಮಾತು ಕೇಳುವುದಿಲ್ಲ. “ದೇವರಿಗೂ ಲಗೇಜೇನು ಮಾಸ್ತರ?” ಎಂದೆ. “ಭೀಮಾ ನದ್ಯಾಗ ಹನ್ನೆರಡು ವರ್ಷಕ್ಕೊಮ್ಮೆ ಏಳತಾನ. ನಾಲ್ಕು ಕಾಲು, ಕೆಂಪು ಗಡ್ಡ. ಸೊಲ್ಲಾಪುರದಾಗ ಇವನ ದರ್ಶನಕ್ಕ ರೈಲು ನಿಂತಿತ್ತು.”

“ದೇವ್ ಅಸಲ್ ತರ್ ಅರ್ಧಂ ತಿಕೀಟ್! ದೇವರಿಗಿ ಅರ್ಧಾ!” ಎಂದ ಕಂಡಕ್ಟರ್. ಬಸ್ಸು ನಕ್ಕಿತು. ಮುಂದಿನ ಸೀಟಿನ ಮುದುಕಿ ಮಾತ್ರ ನಗಲಿಲ್ಲ. ಪೂರ್ತಿ ಹಿಂದಿರುಗಿ ಕೂತಳು. “ಖರೇ ಏನೋ ಎಪ್ಪಾ? ಆಗಿಂದ ನೋಡಾಕತ್ತೀನಿ, ಗಂಗಿ ಹಾಂಗ ನೀರು ಉಕ್ಕಾಕತ್ತಾವ. ನನ್ನ ಮೊಮ್ಮಗಳಿಗಿ ಕಣ್ಣು ಬ್ಯಾನಿ. ಮುಖ ತೋರಸು.” ಉತ್ತರಕ್ಕೆ ಕಾಯದೆ ಅರಿವೆಯ ಅಂಚು ಸರಿಸಿದಳು. ಒಳಗೆ ನೋಡಿ, ಬಾಯಿ ಕಿರಿದು ಮಾಡಿ, “ಯವ್ವಾ, ಕೂಸಿನ ಕೈ ಅದಾವಲ್ಲೋ,” ಎಂದಳು. ಸೆರಗಿನ ಗಂಟು ಬಿಚ್ಚಿದಳು. ಅದರಿಂದ ಬಂದದ್ದು ಕಪ್ಪಿಟ್ಟ ತಾಮ್ರದ ದುಡ್ಡು. ಎರಡೂ ಕಣ್ಣಿಗೆ ಒತ್ತಿಕೊಂಡು, ಎರಡು ಬೆರಳಿನಲ್ಲಿ ಹಿಡಿದು ಗಡಿಗೆಯ ಬಾಯಿಗೆ ತಂದಳು.

“ಬ್ಯಾಡ!”

ಆ ದನಿಗೆ ಡ್ರೈವರನೇ ಬ್ರೇಕು ಹಾಕಿದ. ನಾನು ಅಂಗೈಯಿಂದ ಗಡಿಗೆಯ ಬಾಯಿ ಮುಚ್ಚಿದ್ದೆ. ದುಡ್ಡು ನನ್ನ ಬೆರಳಗಂಟಿಗೆ ಬಡಿದು ಸೀಟಿನ ಕೆಳಗೆ ಉರುಳಿತು. “ತಾಮ್ರ ಹಾಕಬ್ಯಾಡ್ರಿ ಆಯೀ! ತಾಮ್ರ ನೀರಾಗ ಬಿಡತದ. ಮೊದಲ ಹುಳ ಸಾಯತಾವ, ನೀರು ಸ್ವಚ್ಛ ಆಯ್ತು ಅನಸತದ, ಆಮ್ಯಾಲ ಇವನ ಗರಿ ಸುಡತಾವ. ಒಂದು ದುಡ್ಡು ಸಾಕು. ಒಂದು ಸಾಕು ಇವನಿಗಿ!”

ಬಾಯಿಂದ ಬರುತ್ತಿರುವಾಗಲೇ ಕೇಳಿಸಿತು ನನಗೆ, ಇವು ನನ್ನ ಮಾತುಗಳಲ್ಲ. ತೊಟ್ಟಿಯ ಎದುರು ಕೂರಿಸಿಕೊಂಡು ಅಕ್ಕ ಆಡಿದ ಮಾತುಗಳು, ಅಕ್ಷರ ಬಿಡದೆ, ಒಂದು ಸಾಕು ಇವನಿಗೆ ಎಂದು ಎರಡು ಸಲ ಅಂದದ್ದೂ ಸೇರಿ. ಮುದುಕಿ ಹೆದರಿ ಕೈ ಹಿಂದೆಗೆದಳು. ಕಂಡಕ್ಟರ್ ಏನೋ ಗೊಣಗಿ ಗಂಟೆ ಎಳೆದ. ಬಸ್ಸು ಮತ್ತೆ ಹೊರಟಿತು. ಅಕ್ಕ ಕಿಟಕಿಯಿಂದ ಮುಖ ತಿರುಗಿಸಿ, ನಾಲ್ಕು ದಿನದ ಮೇಲೆ ಮೊದಲ ಸಲ, ನನ್ನನ್ನು ನೋಡಿದಳು. ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನು ಇನ್ನೊಂದು ಸುಳ್ಳು ಹೇಳುತ್ತಿದ್ದೆ.

“ಭೋಂಗಾ ಕೂಗಿತ್ತು ಅಂದಿದ್ದಿ,” ಎಂದಳು.

ಗಡಿಗೆಯ ಮೇಲಿನ ನನ್ನ ಕೈ ತೆಗೆಯಲಿಲ್ಲ. ಅಂಗೈಯ ಕೆಳಗೆ ನೀರು ತಣ್ಣಗೆ ಬಡಿಯುತ್ತಿತ್ತು. ಒಮ್ಮೆ ನೀರಲ್ಲದ್ದು ಏನೋ ಮುಟ್ಟಿದಂತಾಯಿತು, ಮೆತ್ತಗೆ.

“ಕೂಗಿದ್ದಿಲ್ಲ,” ಎಂದೆ. “ಯಾರೂ ಬಂದಿದ್ದಿಲ್ಲ ಅಕ್ಕಾ. ದರ್ಶನಕ್ಕ ಒಬ್ಬರೂ ಬಂದಿದ್ದಿಲ್ಲ. ನಾನಽ ಹಾಕಿದೆ. ಸುಗಲಾನ ಡಬ್ಬ್ಯಾಗಿನ ತೂತಿನ ದುಡ್ಡು, ಇದ್ದಷ್ಟೂ. ಹುಣಸಿಹಣ್ಣಿಲೆ ತಿಕ್ಕಿ ಹಾಕಿದೆ, ತಿಕ್ಕಿದ್ರ ತಾಮ್ರ ಲಗೂ ಬಿಡತದ ಅಂತ. ಹುಳ ಹೋದವು ಅಂತ ನಿನಗ ಬರದಿದ್ದೆ, ನೀ ಬರೂದರಾಗ ಹೋಗಬೇಕಿತ್ತು.” ಇನ್ನೊಂದು ಮಾತು ನನ್ನಲ್ಲೇ ಉಳಿಯಬಹುದಿತ್ತು. ಅಕ್ಕ ಕೇಳಿರಲಿಲ್ಲ. ಜಗತ್ತಿನಲ್ಲಿ ಅದನ್ನು ಬಲ್ಲವನು ನಾನೊಬ್ಬನೇ. “ಬುಧವಾರ ಮುಂಜಾನೆ ಮುತ್ಯಾ ಮ್ಯಾಲ ಬಂದು ಬಾಯಿ ತಗಿಯೂದು ನೋಡಿದೆ. ಸಾಯಾಕತ್ತಾನ ಅಂತ ಗೊತ್ತಾತು. ಆದ್ರೂ ಶುಕ್ರವಾರ ತನಕ ದುಡ್ಡು ತಗೀಲಿಲ್ಲ ಅಕ್ಕಾ. ಮೂಲಿ ಕಾಜಿಗಿ ಇನ್ನೂ ಒಂದೆರಡು ಹುಳ ಉಳದಿದ್ವು.”